ರಸ್ತೆ ಅಗಲಿಸಿದರೂ ದಟ್ಟಣೆ ಮರಳಿ ಬರುವುದೇಕೆ?

ಪ್ರಶ್ನೆ: ನಮ್ಮ ನಗರದ ಮುಖ್ಯರಸ್ತೆಯನ್ನು ಕೆಲವು ವರ್ಷಗಳ ಹಿಂದೆ ಅಗಲಗೊಳಿಸಿದರು. ದೊಡ್ಡ ವೃತ್ತದ ಮೇಲೆ ಮೇಲ್ಸೇತುವೆಯನ್ನೂ ಕಟ್ಟಿದರು. ಒಂದೆರಡು ವರ್ಷ ಸಂಚಾರ ಸಲೀಸಾಗಿತ್ತು, ಈಗ ಮತ್ತೆ ಹಳೆಯ ಪಾಡು. ಈ ಬಾರಿ ಇನ್ನೂ ಉದ್ದದ ಮೇಲ್ಸೇತುವೆ ಕಟ್ಟುವ ಪ್ರಸ್ತಾವ ಬಂದಿದ್ದು, ನಾಗರಿಕರ ಅಭಿಪ್ರಾಯ ಕೇಳಿದ್ದಾರೆ. ನಾವು ಒಪ್ಪಬೇಕೇ? ಬೇರೆ ದಾರಿ ಇದೆಯೇ? ಅಥವಾ ನಗರ ಬೆಳೆದಂತೆಲ್ಲ ದಟ್ಟಣೆಯನ್ನು ಸಹಿಸಿಕೊಂಡಿರಬೇಕಾದದ್ದೇ ನಮ್ಮ ಗತಿಯೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸಹಿಸಿಕೊಂಡಿರಬೇಕಾಗಿಲ್ಲ. ದಟ್ಟಣೆ ನೀಗಬೇಕಾದರೆ ಅರ್ಧದಷ್ಟು ವಾಹನಗಳು ರಸ್ತೆಯಿಂದ ಮಾಯವಾಗಬೇಕು, ಅದು ಆಗದ ಮಾತು ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆಯೇ ನಮ್ಮನ್ನು ಕೈಚೆಲ್ಲಿ ಕೂರುವಂತೆ ಮಾಡಿದೆ. ನಿಜವಾಗಿ ನೂರರಲ್ಲಿ ಹತ್ತು ಹದಿನೈದು ವಾಹನಗಳು ಆ ಹೊತ್ತಿಗೆ ಆ ಜಾಗಕ್ಕೆ ಬಾರದಿದ್ದರೆ ಸಾಕು, ಚಿತ್ರವೇ ಬದಲಾಗುತ್ತದೆ. ಶಾಲೆಗಳಿಗೆ ರಜೆ ಇರುವ ವಾರಗಳಲ್ಲಿ ಬೆಳಗಿನ ರಸ್ತೆ ಹೇಗಿರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಆಗ ಕಡಿಮೆಯಾಗುವುದು ವಾಹನಗಳ ಒಂದು ಸಣ್ಣ ಪಾಲು ಮಾತ್ರ. ಆದರೂ ಪ್ರಯಾಣ ಎಷ್ಟು ಹಗುರಾಗುತ್ತದೆ!

ಇದು ಹೇಗೆ ಎಂಬುದನ್ನು ಒಂದೇ ಸಿಗ್ನಲ್ ಇಟ್ಟುಕೊಂಡು ಲೆಕ್ಕ ಹಾಕೋಣ. ಹಸಿರು ದೀಪ ಬಿದ್ದಾಗ ಒಂದು ಪಥದಲ್ಲಿ ಸುಮಾರು ಎರಡು ಸೆಕೆಂಡಿಗೆ ಒಂದರಂತೆ ಕಾರುಗಳು ದಾಟುತ್ತವೆ. ಇಡೀ ಗಂಟೆ ಹಸಿರೇ ಇದ್ದರೆ 1,800 ಕಾರು. ಅಡ್ಡರಸ್ತೆಗೂ ಸರದಿ ಕೊಡಬೇಕಾದ್ದರಿಂದ ನಿಮ್ಮ ಪಾಲಿಗೆ ಅರ್ಧ ಹೊತ್ತು ಹಸಿರು ಸಿಕ್ಕಿತು ಎನ್ನಿ, ಆಗ ಗಂಟೆಗೆ 900. ಈಗ ಗಂಟೆಗೆ 1,000 ಕಾರು ಬರುತ್ತಿವೆ. ಮೊದಲ ಗಂಟೆ ಮುಗಿಯುವಾಗ ನೂರು ಕಾರುಗಳ ಸಾಲು ನಿಂತಿರುತ್ತದೆ. ಒಂದಕ್ಕೆ ಏಳು ಮೀಟರ್ ಎಂದರೂ 700 ಮೀಟರ್ ಉದ್ದ. ಕೊನೆಯವರು ಆರೇಳು ನಿಮಿಷ ಕಾಯಬೇಕು. ಎರಡನೆಯ ಗಂಟೆ ಮುಗಿಯುವಾಗ ಇನ್ನೂರು ಕಾರು, ಸುಮಾರು ಒಂದೂವರೆ ಕಿಲೋಮೀಟರ್ ಸಾಲು, ಹದಿಮೂರು ನಿಮಿಷದ ಕಾಯುವಿಕೆ. ಜನ ಕಚೇರಿ ಸೇರಿದ ಮೇಲೆ ಬರುವ ಕಾರುಗಳು ಗಂಟೆಗೆ 700ಕ್ಕೆ ಇಳಿದರೂ ಈ ಸಾಲು ಕರಗಲು ಇನ್ನೂ ಒಂದು ಗಂಟೆ ಬೇಕು. ‘ಹನ್ನೊಂದಾದರೂ ಇಷ್ಟು ವಾಹನ ಎಲ್ಲಿಂದ ಬರುತ್ತವೆ’ ಎಂದು ನಾವು ಕೇಳುತ್ತೇವಲ್ಲ, ಅವುಗಳಲ್ಲಿ ಬಹುಪಾಲು ಒಂಬತ್ತು ಗಂಟೆಯ ಬಾಕಿ.

ಇದೇ ರಸ್ತೆಗೆ 1,000ದ ಬದಲು 850 ಕಾರು ಬಂದರೆ? ಸಾಲು ಕಟ್ಟುವುದೇ ಇಲ್ಲ. ಬಹುತೇಕರು ಮೊದಲ ಹಸಿರಿನಲ್ಲೇ ದಾಟುತ್ತಾರೆ. ಹದಿಮೂರು ನಿಮಿಷಕ್ಕೂ ಅರ್ಧ ನಿಮಿಷಕ್ಕೂ ಇರುವ ವ್ಯತ್ಯಾಸ ನೂರೈವತ್ತು ಕಾರುಗಳದ್ದು ಮಾತ್ರ. ದ್ವಿಚಕ್ರ ವಾಹನಗಳು ಹೆಚ್ಚಿರುವ ಮಿಶ್ರ ಸಂಚಾರದಲ್ಲಿ ಅಂಕಿಗಳು ಬೇರೆಯಾಗುತ್ತವೆ, ಲೆಕ್ಕದ ಸ್ವರೂಪ ಬದಲಾಗುವುದಿಲ್ಲ. ಇನ್ನೊಂದು ಕೆಡುಕೂ ಇದೆ. ಒಂದೂವರೆ ಕಿಲೋಮೀಟರ್ ಸಾಲು ಹಿಂದಿನ ಜಂಕ್ಷನ್ನಿನ ನಟ್ಟನಡುವೆ ಬಂದು ನಿಲ್ಲುತ್ತದೆ. ಆಗ ನಿಮ್ಮ ಸಿಗ್ನಲ್ಲಿನ ಕಡೆಗೆ ಬರಲು ಇಷ್ಟವೇ ಇಲ್ಲದವರೂ ಅಲ್ಲಿ ಸಿಕ್ಕಿಬೀಳುತ್ತಾರೆ, ಅವರ ಹಿಂದೆ ಮತ್ತೊಂದು ಜಂಕ್ಷನ್ ಕಟ್ಟಿಕೊಳ್ಳುತ್ತದೆ. ಇಡೀ ಬಡಾವಣೆ ಸ್ತಬ್ಧವಾಗುವುದು ಹೀಗೆ.

ಹಾಗಾದರೆ ಆ ನೂರು ನೂರೈವತ್ತು ವಾಹನಗಳಿಗೂ ಜಾಗ ಮಾಡಿಕೊಡಲು ರಸ್ತೆ ಅಗಲಿಸಬಾರದೇಕೆ ಎಂದು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ 1962ರಲ್ಲೇ ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ ಉತ್ತರ ಕೊಟ್ಟಿದ್ದರು. ದಟ್ಟಣೆಯ ಹೊತ್ತಿನಲ್ಲಿ ರಸ್ತೆ ಸ್ವಲ್ಪ ಸಲೀಸಾದ ಕೂಡಲೇ ಮೂರು ಕಡೆಯಿಂದ ಜನ ಅತ್ತ ಬರುತ್ತಾರೆ. ಜನಸಂದಣಿ ತಪ್ಪಿಸಲು ಬೇಗ ಹೊರಡುತ್ತಿದ್ದವರು ತಮಗೆ ಬೇಕಾದ ಹೊತ್ತಿಗೇ ಹೊರಡುತ್ತಾರೆ, ಒಳರಸ್ತೆ ಹಿಡಿಯುತ್ತಿದ್ದವರು ಮುಖ್ಯರಸ್ತೆಗೆ ಮರಳುತ್ತಾರೆ, ಬಸ್ಸು ರೈಲಿನಲ್ಲಿ ಹೋಗುತ್ತಿದ್ದವರು ಸ್ವಂತ ವಾಹನ ಹೊರತೆಗೆಯುತ್ತಾರೆ. ಇವರಲ್ಲಿ ಯಾರದೂ ತಪ್ಪಿಲ್ಲ. ತಮಗೆ ಅನುಕೂಲವಾದುದನ್ನು ಎಲ್ಲರೂ ಮಾಡುತ್ತಾರೆ. ಆಮೇಲೆ ನಿಧಾನವಾಗಿ ನಾಲ್ಕನೆಯದು ಬರುತ್ತದೆ: ರಸ್ತೆ ಚೆನ್ನಾಗಿದೆ ಎಂದು ಅದರ ತುದಿಯಲ್ಲಿ ಹೊಸ ಬಡಾವಣೆಗಳು ಏಳುತ್ತವೆ. 2011ರಲ್ಲಿ ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಹೆದ್ದಾರಿಗಳ ಅಂಕಿಅಂಶ ಅಳೆದು ನೋಡಿದರು. ಹೆದ್ದಾರಿಯ ಪಥಗಳು ಎಷ್ಟು ಹೆಚ್ಚಿದವೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹೆಚ್ಚಿತ್ತು. ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ, ಪಕ್ಕದ ಸರ್ವಿಸ್ ರಸ್ತೆಗಳೂ ಸೇರಿ ಕೆಲವೆಡೆ 26 ಪಥಗಳಷ್ಟು ಅಗಲಿಸಲಾಯಿತು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣದ ಅವಧಿ ಅಲ್ಲಿ ಮತ್ತೆ ಏರತೊಡಗಿತು. ನಿಮ್ಮ ರಸ್ತೆಯಲ್ಲಿ ನಡೆದಿರುವುದೂ ಇದೇ ಬಗೆಯದು.

ಮೇಲ್ಸೇತುವೆಗೆ ಇನ್ನೊಂದು ಸಮಸ್ಯೆ ಇದೆ. ಅದು ಒಂದು ಸಿಗ್ನಲ್ಲನ್ನು ತಪ್ಪಿಸಿ ಎಲ್ಲ ವಾಹನಗಳನ್ನೂ ಒಟ್ಟಿಗೆ ಮುಂದಿನ ಸಿಗ್ನಲ್ಲಿಗೆ ತಂದು ಸುರಿಯುತ್ತದೆ. ಆಲಿಕೆಯ ಬಾಯಿ ಅಗಲಿಸಿದರೆ ಕೆಳಗಿನ ಕೊಳವೆ ಅಗಲವಾಗುವುದಿಲ್ಲ. ಹಾಗೆಂದು ಎಲ್ಲ ಕಟ್ಟಡ ಕಾಮಗಾರಿಯೂ ವ್ಯರ್ಥ ಎಂದು ನಾನು ಹೇಳುವುದಿಲ್ಲ. ರೈಲು ಗೇಟಿನ ಬಳಿ ಸೇತುವೆ, ಹೊಳೆಯ ಆಚೆಗೂ ಈಚೆಗೂ ಸಂಪರ್ಕವೇ ಇಲ್ಲದ ಕಡೆ ಹೊಸ ದಾರಿ, ಊರೊಳಗೆ ಕೆಲಸವಿಲ್ಲದ ಲಾರಿಗಳಿಗೆ ಹೊರವರ್ತುಲ ರಸ್ತೆ, ಇವೆಲ್ಲ ಬೇಕಾದವೇ. ತುಂಬಿದ ರಸ್ತೆಯ ಮೇಲೆ ಮತ್ತೊಂದು ರಸ್ತೆ ಹೊದಿಸುವುದು ಬೇರೆ ವಿಷಯ.

ಕಟ್ಟಿದ ಮೇಲ್ರಸ್ತೆಯನ್ನೇ ಕೆಡವಿದ ಊರೂ ಇದೆ. ದಕ್ಷಿಣ ಕೊರಿಯಾದ ಸೋಲ್ ನಗರದ ಹೃದಯಭಾಗದಲ್ಲಿ ಚೊಂಗ್ಯೆಚೊನ್ ಎಂಬ ತೊರೆಯನ್ನು ಮುಚ್ಚಿ, ಅದರ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. ದಿನಕ್ಕೆ ಲಕ್ಷಕ್ಕೂ ಹೆಚ್ಚು ವಾಹನಗಳು ಓಡಾಡುತ್ತಿದ್ದ ಜಾಗ ಅದು. 2003ರಲ್ಲಿ ಕೆಡವಲು ಶುರುಮಾಡಿದಾಗ ನಗರವೇ ನಿಂತುಹೋಗುತ್ತದೆ ಎಂಬ ಆತಂಕವಿತ್ತು. ಹಾಗಾಗಲಿಲ್ಲ. 2005ರಲ್ಲಿ ತೊರೆ ಮತ್ತೆ ಬಯಲಾಗಿ ಹರಿಯಿತು. ಆದರೆ ಈ ಕಥೆ ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ: 2004ರ ಜುಲೈನಲ್ಲಿ ಸೋಲ್ ತನ್ನ ಬಸ್ ವ್ಯವಸ್ಥೆಯನ್ನು ಬುಡದಿಂದ ಮರುರೂಪಿಸಿ, ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಪಥಗಳನ್ನು ಕೊಟ್ಟಿತು. ಕಿತ್ತುಕೊಂಡದ್ದರ ಜೊತೆಗೆ ಕೊಟ್ಟದ್ದೂ ಇತ್ತು. ಬರೀ ಕಿತ್ತುಕೊಳ್ಳುವ ಯೋಜನೆ ಜನರಿಗೆ ಶಿಕ್ಷೆಯಾಗುತ್ತದೆ.

ಇನ್ನು ಮಾಡಬೇಕಾದ ಕೆಲಸಗಳು. ಅಗ್ಗದ್ದರಿಂದ ಶುರುಮಾಡಿ. ಜಂಕ್ಷನ್ನಿನ ತುಟಿಯಲ್ಲಿ, ನಿಲುಗಡೆ ಗೆರೆಯಿಂದ ಮೂವತ್ತು ಮೀಟರ್ ದೂರದಲ್ಲಿ, ಒಂದು ಕಾರು ‘ಎರಡೇ ನಿಮಿಷ’ ಎಂದು ನಿಂತಿದೆ ಎಂದುಕೊಳ್ಳಿ. ಅರವತ್ತು ಸೆಕೆಂಡಿನ ಹಸಿರಿನಲ್ಲಿ ಆ ಪಥದಿಂದ ಮೂವತ್ತು ಕಾರುಗಳು ದಾಟಬೇಕಿತ್ತು. ನಿಂತ ಕಾರಿನ ಮುಂದಿರುವ ಜಾಗದಲ್ಲಿ ಹಿಡಿಯುವುದು ನಾಲ್ಕು ಕಾರು. ಅವು ದಾಟಿದ ಮೇಲೆ ಹಿಂದಿನವು ಪಕ್ಕದ ಪಥಕ್ಕೆ ನುಸುಳಲು ಹೆಣಗುತ್ತವೆ, ಇಡೀ ಪಥದ ಹಸಿರು ಬಹುತೇಕ ಹಾಳು. ಕೋಟಿಗಟ್ಟಲೆ ಖರ್ಚು ಮಾಡಿ ಸೇರಿಸಿದ ಒಂದು ಪಥವನ್ನು ಒಬ್ಬ ವ್ಯಕ್ತಿ ಹೀಗೆ ಅಳಿಸಿಹಾಕಬಲ್ಲ. ಜಂಕ್ಷನ್ನಿಗೆ ಮುಂಚೆ ಇರುವ ಬಸ್ ನಿಲ್ದಾಣ ಮಾಡುವುದೂ ಇದನ್ನೇ. ಸಾಧ್ಯವಿದ್ದಲ್ಲೆಲ್ಲ ಅದನ್ನು ಜಂಕ್ಷನ್ ದಾಟಿದ ಮೇಲಿನ ಜಾಗಕ್ಕೆ ಸರಿಸಬೇಕು. ಜಂಕ್ಷನ್ನಿನ ಸುತ್ತ ಐವತ್ತು ಅರವತ್ತು ಮೀಟರ್ ಯಾವ ವಾಹನವೂ ನಿಲ್ಲದಂತೆ ನೋಡಿಕೊಂಡರೆ ಸಿಗುವ ಲಾಭಕ್ಕೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ.

ಸಿಗ್ನಲ್ ಸಮಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಸಲ ಹಸಿರು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಹೋಗುವಾಗ ಮೂರು ನಾಲ್ಕು ಸೆಕೆಂಡು ಯಾರಿಗೂ ದಕ್ಕದೆ ಹೋಗುತ್ತದೆ. ಹೀಗಾಗಿ ದಿಕ್ಕಿಗೊಂದು ಸರದಿ ಎಂದು ಹೆಚ್ಚು ಸರದಿ ಮಾಡಿದಷ್ಟೂ ನಷ್ಟ ಹೆಚ್ಚು. ವಾಹನಗಳನ್ನು ಎಣಿಸಿ ತಾನಾಗಿ ಸಮಯ ಹೊಂದಿಸಿಕೊಳ್ಳುವ ಸಿಗ್ನಲ್‌ಗಳು ಸಹಾಯ ಮಾಡುತ್ತವೆ, ನಿಜ. ಆದರೆ ಸಾಮರ್ಥ್ಯ ಮೀರಿ ವಾಹನ ಬಂದರೆ ಎಂಥ ಜಾಣ ಸಿಗ್ನಲ್ಲೂ ಸಾಲು ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ನಿರ್ಧರಿಸಬಲ್ಲದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರ ಇದನ್ನೇ ತನ್ನ ಬಲವಾಗಿಸಿಕೊಂಡಿತು. ನಗರದೊಳಗೆ ಹಿಡಿಯುವಷ್ಟೇ ಕಾರುಗಳನ್ನು ಅಂಚಿನ ಸಿಗ್ನಲ್‌ಗಳು ಒಳಗೆ ಬಿಡುತ್ತವೆ. ಟ್ರಾಮ್ ಅಥವಾ ಬಸ್ ಹತ್ತಿರ ಬಂದಾಗ ದೀಪ ಅದಕ್ಕೆ ಹಸಿರಾಗುತ್ತದೆ.

ಬಸ್ಸಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅತಿ ಹೆಚ್ಚು ಅಪಾರ್ಥಕ್ಕೆ ಗುರಿಯಾಗಿರುವುದು ಬಸ್ ಪಥ. ಕಾರಿನ ಸಾಲಿನಲ್ಲಿ ಸಿಕ್ಕಿಕೊಂಡವರು ಪಕ್ಕಕ್ಕೆ ನೋಡಿದಾಗ ಬಸ್ ಪಥ ಖಾಲಿ ಕಾಣುತ್ತದೆ. ‘ಇಷ್ಟು ಜಾಗ ಸುಮ್ಮನೆ ಬಿಟ್ಟಿದ್ದಾರಲ್ಲ’ ಎಂದು ಸಿಟ್ಟಾಗುತ್ತಾರೆ. ನಿಮಿಷಕ್ಕೊಂದು ಬಸ್, ಅದರಲ್ಲಿ ಅರವತ್ತು ಜನ ಎಂದರೆ ಗಂಟೆಗೆ 3,600 ಜನ. ಪಕ್ಕದ ಪಥದಲ್ಲಿ 900 ಕಾರು, ಕಾರಿಗೆ ಸರಾಸರಿ ಒಂದೂವರೆ ಜನ ಎಂದರೆ 1,350. ಖಾಲಿ ಕಾಣುವ ಪಥ ತುಂಬಿದ ಪಥದ ಎರಡೂವರೆ ಪಟ್ಟು ಜನರನ್ನು ಸಾಗಿಸುತ್ತಿದೆ. ಅದು ಖಾಲಿ ಕಾಣುವುದು ಸರಾಗವಾಗಿ ಓಡುತ್ತಿರುವುದರಿಂದಲೇ. ಕೊಲಂಬಿಯಾದ ಬೊಗೋಟಾ ನಗರ 2000ದ ಡಿಸೆಂಬರ್‌ನಲ್ಲಿ ಶುರುಮಾಡಿದ ಟ್ರಾನ್ಸ್‌ಮಿಲೇನಿಯೊ ಬಸ್ ವ್ಯವಸ್ಥೆ ಅತಿ ದಟ್ಟ ಮಾರ್ಗದಲ್ಲಿ, ಒಂದೇ ದಿಕ್ಕಿನಲ್ಲಿ, ಗಂಟೆಗೆ 40,000ಕ್ಕೂ ಮೀರಿ ಜನರನ್ನು ಒಯ್ದಿದೆ. ಅನೇಕ ಮೆಟ್ರೊ ಮಾರ್ಗಗಳೂ ಇಷ್ಟು ಸಾಗಿಸುವುದಿಲ್ಲ.

ಬಸ್ ಪಥದ ಇನ್ನೊಂದು ಲಾಭವನ್ನು ಬಹಳ ಜನ ಗಮನಿಸುವುದಿಲ್ಲ. ಹೋಗಿಬರಲು ಎರಡು ಗಂಟೆ ಬೇಕಾದ ಮಾರ್ಗದಲ್ಲಿ ಹನ್ನೆರಡು ಬಸ್ಸುಗಳಿದ್ದರೆ ಹತ್ತು ನಿಮಿಷಕ್ಕೊಂದು ಬಸ್ ಸಿಗುತ್ತದೆ. ಪ್ರತ್ಯೇಕ ಪಥ ಸಿಕ್ಕಿ ಅದೇ ಸುತ್ತು ಒಂದೂವರೆ ಗಂಟೆಗೆ ಇಳಿದರೆ, ಅದೇ ಹನ್ನೆರಡು ಬಸ್ಸು, ಅದೇ ಚಾಲಕರು, ಏಳೂವರೆ ನಿಮಿಷಕ್ಕೊಂದರಂತೆ ಬರುತ್ತಾರೆ. ಹೊಸ ಬಸ್ ಒಂದನ್ನೂ ಕೊಳ್ಳದೆ ಸೇವೆ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ದಟ್ಟಣೆಯಲ್ಲಿ ಬಸ್ಸನ್ನು ನಿಲ್ಲಿಸಿಕೊಳ್ಳುವ ನಗರ ತಾನು ಕೊಂಡ ಬಸ್ಸುಗಳಲ್ಲಿ ಕಾಲುಭಾಗವನ್ನು ದಿನವೂ ರಸ್ತೆಯಲ್ಲೇ ಕಳೆದುಕೊಳ್ಳುತ್ತಿರುತ್ತದೆ. ಬಣ್ಣ ಬಳಿದು ಬಿಟ್ಟ ಬಸ್ ಪಥಕ್ಕೆ ಅರ್ಥವಿಲ್ಲ, ಅದಕ್ಕೆ ಕ್ಯಾಮೆರಾ ಬೇಕು, ದಂಡ ಬೇಕು. ನಿಲ್ದಾಣದವರೆಗೆ ನಡೆದುಹೋಗಲು ಒಡೆಯದ ಪಾದಚಾರಿ ಮಾರ್ಗವೂ ಬೇಕು. ಬಸ್ ಪ್ರಯಾಣ ಶುರುವಾಗುವುದು ಕಾಲ್ನಡಿಗೆಯಿಂದ.

ಮುಂದಿನದು ನಿಲುಗಡೆ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ತಮ್ಮ ವೃತ್ತಿಜೀವನದ ಬಹುಪಾಲನ್ನು ಈ ಒಂದು ವಿಷಯಕ್ಕೆ ಮೀಸಲಿಟ್ಟರು. ರಸ್ತೆಬದಿಯ ಜಾಗ ಪುಕ್ಕಟೆಯಾಗಿದ್ದರೆ ಅದು ಸದಾ ತುಂಬಿರುತ್ತದೆ. ಆಮೇಲೆ ಬಂದವರು ಜಾಗ ಹುಡುಕುತ್ತಾ ಸುತ್ತುತ್ತಾರೆ. ತಲುಪಬೇಕಾದ ಜಾಗ ತಲುಪಿದ ಮೇಲೂ ಅವರ ವಾಹನ ದಟ್ಟಣೆಯ ಭಾಗವಾಗಿಯೇ ಉಳಿಯುತ್ತದೆ. ಪ್ರತಿ ಬೀದಿಯಲ್ಲೂ ಒಂದೆರಡು ಜಾಗ ಸದಾ ಖಾಲಿ ಇರುವಂತೆ, ಅಂದರೆ ಸುಮಾರು ಶೇ. 85ರಷ್ಟು ತುಂಬಿರುವಂತೆ, ಹೊತ್ತಿಗೂ ಬೀದಿಗೂ ತಕ್ಕ ದರ ಇಡಬೇಕು ಎಂಬುದು ಅವರ ಸಲಹೆ. ಸ್ಯಾನ್ ಫ್ರಾನ್ಸಿಸ್ಕೊ 2011ರಲ್ಲಿ ಇದನ್ನು ಪ್ರಯೋಗಕ್ಕಿಳಿಸಿತು. ತುಂಬಿದ ಬೀದಿಗಳಲ್ಲಿ ದರ ಏರಿತು, ಖಾಲಿ ಬಿದ್ದ ಬೀದಿಗಳಲ್ಲಿ ಇಳಿಯಿತು. ಪ್ರತಿ ಕಟ್ಟಡಕ್ಕೂ ಇಂತಿಷ್ಟು ಕಾರು ನಿಲ್ಲಿಸುವ ಜಾಗ ಇರಲೇಬೇಕು ಎಂಬ ನಿಯಮವೂ ದಟ್ಟಣೆಗೆ ಗೊಬ್ಬರ ಹಾಕುತ್ತದೆ. ಮೆಕ್ಸಿಕೊ ನಗರ 2017ರಲ್ಲಿ ಈ ಕನಿಷ್ಠ ಮಿತಿಯನ್ನು ತೆಗೆದು ಗರಿಷ್ಠ ಮಿತಿ ತಂದಿತು. ಒಳ್ಳೆಯ ನಿರ್ಧಾರ.

ಎಲ್ಲಕ್ಕಿಂತ ಪರಿಣಾಮಕಾರಿಯಾದ, ಎಲ್ಲಕ್ಕಿಂತ ಕಹಿಯಾದ ಮದ್ದು ದಟ್ಟಣೆ ಶುಲ್ಕ, ಅಂದರೆ ದಟ್ಟಣೆಯ ಹೊತ್ತಿನಲ್ಲಿ ದಟ್ಟಣೆಯ ಜಾಗಕ್ಕೆ ಬರುವ ವಾಹನಗಳಿಂದ ಹಣ ಪಡೆಯುವುದು. ಸಿಂಗಪುರ 1975ರಲ್ಲೇ ಇದನ್ನು ತಂದಿತು. ಬೆಳಗಿನ ಹೊತ್ತು ನಗರಕೇಂದ್ರ ಪ್ರವೇಶಿಸುವ ಕಾರಿಗೆ ಗಾಜಿನ ಮೇಲೆ ಹಣ ಕೊಟ್ಟು ಕೊಂಡ ಚೀಟಿ ಅಂಟಿಸಿರಬೇಕಿತ್ತು, ನಾಲ್ಕು ಜನರಿದ್ದರೆ ವಿನಾಯಿತಿ. ಆ ಹೊತ್ತಿನ ವಾಹನಗಳು ಶೇ. 40ಕ್ಕಿಂತ ಹೆಚ್ಚು ಇಳಿದವು. 1998ರಲ್ಲಿ ಅದು ವಿದ್ಯುನ್ಮಾನ ವ್ಯವಸ್ಥೆಯಾಯಿತು. ಅಲ್ಲಿ ನನಗೆ ಮೆಚ್ಚುಗೆಯಾಗುವುದು ದರ ನಿಗದಿಯ ಕ್ರಮ: ಮುಖ್ಯರಸ್ತೆಗಳಲ್ಲಿ ಗಂಟೆಗೆ 20ರಿಂದ 30, ವೇಗಮಾರ್ಗಗಳಲ್ಲಿ 45ರಿಂದ 65 ಕಿಲೋಮೀಟರ್ ವೇಗ ಉಳಿಯಬೇಕು ಎಂದು ಗುರಿ ಇಟ್ಟುಕೊಂಡು, ವೇಗ ಕುಸಿದರೆ ದರ ಏರಿಸುವುದು, ಹೆಚ್ಚಿದರೆ ಇಳಿಸುವುದು. ಬೊಕ್ಕಸಕ್ಕೆ ಎಷ್ಟು ಬಂತು ಎಂಬುದು ಅಳತೆಗೋಲಲ್ಲ.

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನ ಅನುಭವ ಇನ್ನೂ ಕಲಿಸುತ್ತದೆ. ಅಲ್ಲಿ 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗವಾಗಿ ಶುಲ್ಕ ಹಾಕಿದರು. ಮೊದಲೇ ಹೆಚ್ಚುವರಿ ಬಸ್ಸುಗಳನ್ನು ಓಡಿಸಿದ್ದರು. ಶುರುವಿನಲ್ಲಿ ಬಹುಮತ ವಿರುದ್ಧವಾಗಿತ್ತು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದನೆಯ ಒಂದು ಪಾಲು ಇಳಿದವು, ಸಾಲುಗಳು ಅದಕ್ಕಿಂತ ಹೆಚ್ಚು ಇಳಿದವು. ಪ್ರಯೋಗ ಮುಗಿದ ಕೂಡಲೇ ವಾಹನಗಳು ಮತ್ತೆ ಏರಿದವು. ಜನ ಎರಡನ್ನೂ ಕಣ್ಣಾರೆ ಕಂಡರು. ಸೆಪ್ಟೆಂಬರ್‌ನ ಜನಮತಗಣನೆಯಲ್ಲಿ ನಗರವಾಸಿಗಳು ಸಣ್ಣ ಬಹುಮತದಿಂದ ಶುಲ್ಕವನ್ನು ಬೆಂಬಲಿಸಿದರು. 2007ರ ಆಗಸ್ಟ್‌ನಿಂದ ಅದು ಕಾಯಂ ಆಯಿತು. ಜನರನ್ನು ಮಾತಿನಿಂದ ಒಪ್ಪಿಸಲು ಹೆಣಗುವುದಕ್ಕಿಂತ ಆರೇಳು ತಿಂಗಳು ಮಾಡಿ ತೋರಿಸುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ನ್ಯೂಯಾರ್ಕ್ ದಶಕಗಳ ಚರ್ಚೆಯ ಬಳಿಕ 2025ರ ಜನವರಿಯಲ್ಲಿ ಮ್ಯಾನ್‌ಹ್ಯಾಟನ್‌ನ ಕೆಳಭಾಗಕ್ಕೆ ಶುಲ್ಕ ತಂದಿದೆ.

ಲಂಡನ್ ಎಚ್ಚರಿಕೆಯ ಪಾಠ. 2003ರ ಫೆಬ್ರವರಿಯಲ್ಲಿ ಶುಲ್ಕ ಬಂದಾಗ ವಾಹನಗಳೂ ಇಳಿದವು, ವಿಳಂಬವೂ ಇಳಿಯಿತು. ಕೆಲವು ವರ್ಷಗಳಲ್ಲಿ ವಿಳಂಬ ಮಾತ್ರ ಹಳೆಯ ಮಟ್ಟಕ್ಕೆ ಮರಳಿತು. ರಸ್ತೆ ಅಗೆತ ಹೆಚ್ಚಿತ್ತು, ರಸ್ತೆಯ ಒಂದಷ್ಟು ಜಾಗ ಬಸ್ಸಿಗೂ ಪಾದಚಾರಿಗಳಿಗೂ ಹೋಗಿತ್ತು, ಬಾಡಿಗೆ ಕಾರುಗಳಿಗೆ 2019ರವರೆಗೆ ಶುಲ್ಕದಿಂದ ವಿನಾಯಿತಿ ಇತ್ತು. ತೆರವಾದ ಜಾಗವನ್ನು ಕಾಯದಿದ್ದರೆ ಬೇರೆ ಯಾವುದಾದರೂ ಬಂದು ತುಂಬಿಕೊಳ್ಳುತ್ತದೆ.

ಸಮ-ಬೆಸ ಸಂಖ್ಯೆಯಂಥ ನಿರ್ಬಂಧಗಳು ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಲವು ದಿನಗಳ ತುರ್ತಿಗೆ ಸರಿ, ಕಾಯಂ ನೀತಿಯಾಗಿ ಬೇಡ. ಮೆಕ್ಸಿಕೊ ನಗರ 1989ರಿಂದ ನಂಬರ್ ಫಲಕದ ಕೊನೆಯ ಅಂಕಿ ನೋಡಿ ವಾರಕ್ಕೊಂದು ದಿನ ವಾಹನ ಓಡಿಸದಂತೆ ತಡೆಯಿತು. ಅನುಕೂಲಸ್ಥರು ಎರಡನೆಯ ಕಾರು ಕೊಂಡರು, ಅದೂ ಎಷ್ಟೋ ಸಲ ಹಳೆಯ, ಹೊಗೆ ಉಗುಳುವ ಕಾರು.

ಬಡವರಿಗೆ ಶುಲ್ಕ ಹೊರೆಯಾಗುವುದಿಲ್ಲವೇ? ಈ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಕಾರಿನಲ್ಲಿ ನಗರಕೇಂದ್ರಕ್ಕೆ ಹೋಗುವವರ ಆದಾಯ ಸಾಮಾನ್ಯವಾಗಿ ಬಸ್ಸಿನಲ್ಲಿ ಹೋಗುವವರಿಗಿಂತ ಹೆಚ್ಚು. ಈಗಿನ ವ್ಯವಸ್ಥೆಯಲ್ಲಿ ಕಾರಿನ ಸಾಲಿನ ಬೆಲೆಯನ್ನು ಅದೇ ಸಾಲಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಅರವತ್ತು ಜನ ತಮ್ಮ ಸಮಯದಿಂದ ತೆರುತ್ತಿದ್ದಾರೆ. ಆದರೂ ಷರತ್ತು ಒಂದಿದೆ: ಶುಲ್ಕದ ಮೊದಲ ದಿನಕ್ಕೆ ಮುಂಚೆಯೇ ಒಳ್ಳೆಯ ಬಸ್ ಸೇವೆ ಇರಬೇಕು, ಬಂದ ಹಣ ಅದಕ್ಕೇ ಹೋಗಬೇಕು. ಬಸ್ಸಿಲ್ಲದ ಊರಿನಲ್ಲಿ ಶುಲ್ಕ ಹಾಕುವುದನ್ನು ನಾನು ವಿರೋಧಿಸುತ್ತೇನೆ.

ನಿಮ್ಮ ಅಭಿಪ್ರಾಯ ಪತ್ರಕ್ಕೆ ಬರೋಣ. ಮೇಲ್ಸೇತುವೆಗೆ ಬೇಡ ಎಂದಷ್ಟೇ ಬರೆದರೆ ಅಭಿವೃದ್ಧಿಯ ವಿರೋಧಿಗಳು ಎಂದು ಬದಿಗೆ ಸರಿಸುತ್ತಾರೆ. ಪ್ರಶ್ನೆಗಳನ್ನು ಬರೆಯಿರಿ. ಸೇತುವೆ ಇಳಿಯುವ ಜಾಗದ ಮೊದಲ ಸಿಗ್ನಲ್ ಈಗ ಗಂಟೆಗೆ ಎಷ್ಟು ವಾಹನ ದಾಟಿಸುತ್ತಿದೆ, ಸೇತುವೆ ಬಂದ ಮೇಲೆ ಅಲ್ಲಿಗೆ ಎಷ್ಟು ಬರಲಿವೆ ಎಂಬ ಲೆಕ್ಕ ಕೇಳಿ. ರಸ್ತೆ ಸಲೀಸಾದಾಗ ಹೊಸದಾಗಿ ಬರುವ ವಾಹನಗಳನ್ನು ಅಂದಾಜಿನಲ್ಲಿ ಸೇರಿಸಿದ್ದಾರೆಯೇ ಎಂದು ಕೇಳಿ. ಅನೇಕ ಯೋಜನಾ ವರದಿಗಳು ಇದನ್ನು ಬಿಟ್ಟುಬಿಡುತ್ತವೆ. ವಾಹನಗಳ ಎಣಿಕೆಯ ಪಕ್ಕದಲ್ಲಿ ಜನರ ಎಣಿಕೆಯನ್ನೂ ಕೇಳಿ: ಆ ರಸ್ತೆಯಲ್ಲಿ ಗಂಟೆಗೆ ಎಷ್ಟು ಜನ ಬಸ್ಸಿನಲ್ಲಿ, ಎಷ್ಟು ಜನ ಕಾರಿನಲ್ಲಿ, ಎಷ್ಟು ಜನ ನಡೆದು ಸಾಗುತ್ತಾರೆ? ನೀವೇ ಒಂದು ಬೆಳಗ್ಗೆ ನಾಲ್ಕೈದು ಜನ ಜಂಕ್ಷನ್ನಿನಲ್ಲಿ ನಿಂತು ಎಣಿಸಬಹುದು, ಕಷ್ಟದ ಕೆಲಸವಲ್ಲ.

ಆಮೇಲೆ ಪರ್ಯಾಯ ಮುಂದಿಡಿ. ಸೇತುವೆಯ ಟೆಂಡರ್‌ಗೆ ಮುಂಚೆ ಆರು ತಿಂಗಳ ಪ್ರಯೋಗ ಕೇಳಿ: ಆ ರಸ್ತೆಯ ಜಂಕ್ಷನ್‌ಗಳ ಸುತ್ತ ನಿಲುಗಡೆ ಪೂರ್ಣ ನಿಷೇಧ, ಬಸ್ ನಿಲ್ದಾಣಗಳನ್ನು ಜಂಕ್ಷನ್ ದಾಟಿದ ಮೇಲಕ್ಕೆ ಸರಿಸುವುದು, ಬೆಳಿಗ್ಗೆ ಮತ್ತು ಸಂಜೆ ಕ್ಯಾಮೆರಾ ಕಾವಲಿನ ಬಸ್ ಪಥ, ಪಕ್ಕದ ಬೀದಿಗಳಲ್ಲಿ ನಿಲುಗಡೆಗೆ ದರ. ಶಾಲೆಗಳ ಮತ್ತು ದೊಡ್ಡ ಕಚೇರಿಗಳ ಸಮಯವನ್ನು ಅರ್ಧ ಗಂಟೆಯಷ್ಟು ಹಿಂದುಮುಂದು ಮಾಡಿಸಲು ಸಾಧ್ಯವಾದರೆ ಅದನ್ನೂ ಸೇರಿಸಿ. ಶುರುಮಾಡುವ ಮುಂಚೆ ಮತ್ತು ಮುಗಿದ ಮೇಲೆ ಒಂದೇ ರೀತಿಯಲ್ಲಿ ಅಳತೆ ನಡೆಯಬೇಕು, ಆ ಅಂಕಿಗಳನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಬೇಕು ಎಂದು ಲಿಖಿತ ಭರವಸೆ ಪಡೆಯಿರಿ. ಇಷ್ಟಾದ ಮೇಲೂ ಆ ಸಿಗ್ನಲ್ಲಿನಲ್ಲಿ ಸಾಲು ಕರಗದಿದ್ದರೆ ಮಾತ್ರ ಸೇತುವೆಯ ಕಡತ ತೆರೆಯಲಿ. ಆಗಲೂ, ಕಟ್ಟುವ ಸೇತುವೆಯ ಎರಡು ಪಥಗಳು ಬಸ್ಸಿಗೆ ಮೀಸಲು ಎಂಬ ಷರತ್ತನ್ನು ಮೊದಲ ಪುಟದಲ್ಲೇ ಬರೆಸಿಕೊಳ್ಳಿ.